ಬಿಡಿಭಾಗ ಬರುವವರೆಗೆ ಮೆಟ್ಟಿಲು ಬಳಸಿ

ಮೂವತ್ತೇ ದಿನದಲ್ಲಿ ನಮ್ಮ ಮನೆಯವರನ್ನೆಲ್ಲ ಉಕ್ಕು ಮಾಡಿ ತೋರಿಸುತ್ತೇನೆ ಎಂದು ನಾನು ಘೋಷಿಸಿದ್ದು ಹಲ್ಲಿನ ಡಾಕ್ಟರ ಬಳಿ ಹೋಗಿಬಂದ ಸಂಜೆ. ಅರ್ಧ ಬಾಯಿ ಇನ್ನೂ ಮರಗಟ್ಟಿತ್ತು, ಆದರೂ ಘೋಷಣೆ ಸ್ಪಷ್ಟವಾಗಿಯೇ ಬಂತು. ಡಾಕ್ಟರ ಕಾಯುವ ಕೋಣೆಯಲ್ಲಿ ಒಂದು ಹಳೆಯ ಪತ್ರಿಕೆ ಸಿಕ್ಕಿತ್ತು. ದಿನಾ ಬೆವರು ಬರುವಷ್ಟು ವ್ಯಾಯಾಮ ಮಾಡಿದರೆ ಮಕ್ಕಳಿಗೂ ದೊಡ್ಡವರಿಗೂ ಮೈಯಷ್ಟೇ ಅಲ್ಲ, ಮನಸ್ಸೂ ಗಟ್ಟಿಯಾಗುತ್ತದೆ, ಕಷ್ಟ ಬಂದಾಗ ಕೈಚೆಲ್ಲಿ ಕೂರುವ ಸ್ವಭಾವ ಹೋಗುತ್ತದೆ ಎಂದು ಅದರಲ್ಲಿತ್ತು. ಪುಟದ ಉಳಿದರ್ಧವನ್ನು ಯಾರೋ ಹರಿದುಕೊಂಡು ಹೋಗಿದ್ದರು. ನನಗೆ ಇದ್ದರ್ಧವೇ ಸಾಕಾಯಿತು. ಅರ್ಧ ಓದಿ ಪೂರ್ತಿ ಭಾಷಣ ಮಾಡುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ!

ಆದರೆ ಈ ಘೋಷಣೆಯ ಹಿಂದೆ ನಿಜವಾದ ಚಿಂತೆಯೂ ಇತ್ತು. ನನ್ನ ಮಗಳಿಗೆ ಹತ್ತು ವರ್ಷ. ಹೋದ ವರ್ಷ ಶಾಲೆಯ ಎರಡು ಕಿಲೋಮೀಟರ್ ಓಟದಲ್ಲಿ ಅವಳು ಮೈದಾನ ಬಿಟ್ಟು ರಸ್ತೆಗೆ ಬಂದವಳೇ, ತಿರುವಿನಲ್ಲಿರುವ ದೊಡ್ಡ ಮರದ ಕೆಳಗೆ ಕೂತುಬಿಟ್ಟಿದ್ದಳು. ಶೂ ಲೇಸ್ ಬಿಚ್ಚಿದಳು, ಕಟ್ಟಿದಳು. ಮತ್ತೆ ಬಿಚ್ಚಿದಳು, ಮತ್ತೆ ಕಟ್ಟಿದಳು. ಮೂವತ್ತೆಂಟು ಮಕ್ಕಳು ಅವಳನ್ನು ದಾಟಿ ಹೋದರು. ಕೊನೆಗೆ ಎಲ್ಲರ ಹಿಂದೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಡ್ರಿಲ್ ಟೀಚರೂ ದಾಟಿ ಹೋದರು. ಯಾಕಮ್ಮ ಎಂದು ಕೇಳಿದರೆ ಲೇಸ್ ಬಿಚ್ಚಿಹೋಗಿತ್ತು ಎಂಬ ಒಂದೇ ಉತ್ತರ. ಆಮೇಲೆ ಸೈಕಲ್ ಕಲಿಯುವಾಗಲೂ ಲೇಸ್ ಬಿಚ್ಚಿತು. ಈಜಿಗೆ ಸೇರಿಸಿದೆವು, ಅಲ್ಲಿ ಶೂ ಕೂಡ ಇಲ್ಲ, ಆದರೂ ಬಿಚ್ಚಿತು! ಬೇರೆಯವರ ಮಕ್ಕಳು ಬಿದ್ದು ಎದ್ದು ಮತ್ತೆ ಓಡುವುದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಮಗಳ ಲೇಸಿನ ಕಡೆಗೆ ಹೋಗುತ್ತಿತ್ತು.

ಈ ವರ್ಷದ ಓಟಕ್ಕೆ ಸರಿಯಾಗಿ ಒಂದು ತಿಂಗಳಿತ್ತು. ಗೆಲ್ಲುವುದು ಬೇಡ, ಪೂರ್ತಿ ಓಡು ಸಾಕು ಎಂದೆ. ಅವಳು ತುಂಬ ಹೊತ್ತು ತನ್ನ ಪಾದಗಳನ್ನೇ ನೋಡಿ, ಆಮೇಲೆ ತಲೆಯೆತ್ತಿದಳು.

"ಕೊನೇಲಿ ನೀನು ನಿಂತಿರ್ತೀಯಾ?"

"ನಿಂತಿರ್ತೀನಿ."

"ಓಟ ಮುಗಿಯೋ ಹಗ್ಗದ ಹತ್ರಾನೇ?"

"ಹಗ್ಗ ಹಿಡ್ಕೊಂಡೇ ನಿಂತಿರ್ತೀನಿ. ನಾನು ಯಾವತ್ತಾದ್ರೂ ಮಾತು ತಪ್ಪಿದ್ದೀನಾ?"

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ಸುಮ್ಮನೆ ಒಮ್ಮೆ ಕೆಮ್ಮಿದಳು.

ನನ್ನ ಕಸುಬು ಲಿಫ್ಟ್ ರಿಪೇರಿ. ಇಪ್ಪತ್ತೆರಡು ವರ್ಷದಿಂದ ಜನರನ್ನು ಮೇಲಕ್ಕೆತ್ತುವುದೇ ನನ್ನ ಕಾಯಕ. ಈ ಲೋಕೋದ್ಧಾರದಲ್ಲಿ ನಾನು ಒಂದು ಮೆಟ್ಟಿಲೂ ಹತ್ತಬೇಕಾಗಿ ಬಾರದ್ದರಿಂದ, ನನ್ನ ಹೊಟ್ಟೆ ಬೆಲ್ಟಿನ ಮೇಲೊಂದು ಬಾಲ್ಕನಿ ಕಟ್ಟಿಕೊಂಡಿತ್ತು. ಹೆಂಡತಿ ಅದೇ ಕಂಪನಿಯ ದೂರು ವಿಭಾಗದಲ್ಲಿ ಫೋನ್ ಎತ್ತುವವಳು. ಅವಳು ದೂರು ಬರೆದುಕೊಂಡು ನಂಬರ್ ಕೊಡುತ್ತಾಳೆ, ನಾನು ಹೋಗಿ ಸರಿಮಾಡುತ್ತೇನೆ. ಮನೆಯಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು, ನಂಬರ್ ಮಾತ್ರ ಇರುವುದಿಲ್ಲ.

ನಾವಿರುವುದು ಆರನೇ ಮಹಡಿಯಲ್ಲಿ. ಮೂವತ್ತು ದಿನ ಯಾರೂ ಲಿಫ್ಟ್ ಹತ್ತಕೂಡದು ಎಂಬ ಕಾನೂನನ್ನು ನಾನು ಜಾರಿಗೆ ತಂದೆ. ಅದು ಒಂದು ದಿನವೂ ಬಾಳಲಿಲ್ಲ. ಮಗಳು ಎರಡನೇ ಮಹಡಿಯಲ್ಲಿ ಲೇಸ್ ಬಿಚ್ಚಿಕೊಂಡು ಲಿಫ್ಟ್ ಸೇರಿದಳು. ಹೆಂಡತಿ ಎರಡು ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು, ಕಾನೂನು ಮಾಡಿದವರು ಚೀಲವನ್ನೂ ಹೊರಲಿ ಎಂದು ಹೇಳಿ ಮೊಣಕೈಯಿಂದ ಬಟನ್ ಒತ್ತಿದಳು. ಕಣ್ಣೆದುರಿಗೆ ಲಿಫ್ಟ್ ಬಾಯಿ ತೆರೆದು ನಿಂತಿರುವಾಗ ಯಾರ ಮನಸ್ಸು ತಾನೆ ಗಟ್ಟಿಯಾದೀತು?

ಆಗ ನನಗೆ ಆ ಮಹಾ ಉಪಾಯ ಹೊಳೆಯಿತು. ನನ್ನ ಸಾಮಾನಿನ ಚೀಲದಲ್ಲಿ ಹಳದಿ ಬೋರ್ಡುಗಳ ಕಟ್ಟೊಂದು ಸದಾ ಇರುತ್ತದೆ: "ಲಿಫ್ಟ್ ದುರಸ್ತಿಯಲ್ಲಿದೆ. ಮೆಟ್ಟಿಲು ಬಳಸಿ." ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ಒಂದು ಸತ್ಯವೆಂದರೆ, ಬೋರ್ಡು ನೇತುಹಾಕಿದ ಮೇಲೆ ಬಟನ್ ಒತ್ತಿ ನೋಡುವ ಮನುಷ್ಯ ಇನ್ನೂ ಹುಟ್ಟಿಲ್ಲ. ಬೆಳಗಾಗುತ್ತಲೇ ಹೋಗಿ ಒಂದೊಂದು ಮಹಡಿಯಲ್ಲೂ ಒಂದೊಂದು ಬೋರ್ಡು ತಗುಲಿಸಿ ಬಂದೆ. ಒಂದು ಸ್ಕ್ರೂವನ್ನೂ ಮುಟ್ಟಲಿಲ್ಲ, ಸ್ವಿಚ್ಚನ್ನೂ ಆರಿಸಲಿಲ್ಲ. ಲಿಫ್ಟ್ ಗಟ್ಟಿಮುಟ್ಟಾಗಿಯೇ ಇತ್ತು.

ನನ್ನ ಮನೆಯವರನ್ನು ಲೆಕ್ಕ ಹಾಕಿದ್ದೆನೇ ಹೊರತು ಆ ಕಟ್ಟಡದಲ್ಲಿ ಇನ್ನೂ ಹತ್ತು ಮನೆಗಳಿವೆ, ಅವರಿಗೂ ಮೊಣಕಾಲುಗಳಿವೆ ಎಂಬುದು ತಲೆಗೆ ಬರಲೇ ಇಲ್ಲ! ನಮ್ಮ ಕೆಳಗೆ ಐದನೇ ಮಹಡಿಯಲ್ಲಿರುವ, ಕಟ್ಟಡದ ಸಂಘದ ಕಾರ್ಯದರ್ಶಿ ಎರಡನೇ ದಿನಕ್ಕೇ ಕಂಪನಿಗೆ ದೂರು ಕೊಟ್ಟರು. ಅವರು ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದು ನಿವೃತ್ತರಾದವರು, ಯಾವುದನ್ನೂ ಬಾಯಿಮಾತಿಗೆ ಬಿಡುವವರಲ್ಲ. ದೂರು ನನ್ನ ಹೆಂಡತಿಯ ಮೇಜಿಗೆ ಬಂತು. ಅವಳು ನಂಬರ್ ಹಾಕಿ ಈ ವಲಯದ ಮೆಕ್ಯಾನಿಕ್‌ಗೆ, ಅಂದರೆ ನನಗೇ, ಕಳಿಸಿದಳು. ಬಿಡಿಭಾಗ ಬರಬೇಕು ಎಂದು ನಾನು ಉತ್ತರ ಬರೆದೆ. ಯಾವ ಬಿಡಿಭಾಗ ಎಂಬ ಕಾಲಂ ಖಾಲಿ ಬಿಡುವ ಹಾಗಿರಲಿಲ್ಲ. "ಸೆಕೆಂಡರಿ ಬ್ಯಾಲೆನ್ಸ್ ಕ್ಲಿಪ್" ಎಂದು ತುಂಬಿಸಿದೆ. ಅಂಥದ್ದೊಂದು ವಸ್ತು ಭೂಮಿಯ ಮೇಲೆ ಯಾವ ಲಿಫ್ಟಿನಲ್ಲೂ ಇಲ್ಲ.

ನನ್ನ ಹೆಂಡತಿ ಎಂಥ ಕೆಲಸಗಾರ್ತಿ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ದಿನಾ ಆರು ಮಹಡಿ ಚೀಲ ಹೊತ್ತ ಸಿಟ್ಟೆಲ್ಲ ಆ ಕ್ಲಿಪ್ಪಿನ ಬೆನ್ನು ಹತ್ತಿತು. ಉಗ್ರಾಣಕ್ಕೆ ಬರೆದಳು, ಅವರು ಇಲ್ಲ ಎಂದರು. ಕಾರ್ಖಾನೆಗೆ ಬರೆದಳು, ಅವರು ನಕ್ಷೆ ಕೇಳಿದರು. ನಕ್ಷೆ ಎಲ್ಲಿ ಎಂದು ಅವಳು ನನ್ನ ತಲೆಯ ಮೇಲೆ ನಿಂತಳು. ಊಟದ ಮೇಜಿನ ಮೇಲೆ ಕಾಗದ ಹರಡಿ, ಹೇರ್‌ಪಿನ್ನಿಗೂ ಬಾಗಿಲ ಕೀಲಿಗೂ ನಡುವಿನ ಏನೋ ಒಂದನ್ನು ಗೀಚಿದೆ, ಅಳತೆಗಳನ್ನೂ ಹಾಕಿದೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಒಂದು ಬೇಕೆನಿಸಿತು. ವಾರದೊಳಗೆ ಕಾರ್ಖಾನೆಯಿಂದ ಉತ್ತರ ಬಂತು. ಕ್ಲಿಪ್ಪು ತಯಾರಾಗುತ್ತಿದೆಯಂತೆ!

ಇನ್ನು ನನ್ನ ವ್ಯಾಯಾಮದ ವಿಷಯ. ಇದೇ ತಪ್ಪೊಪ್ಪಿಗೆಯ ಕಷ್ಟದ ಭಾಗ. ಮೊದಲ ಮೂರು ದಿನ ನಾನೂ ಹತ್ತಿದೆ. ನಾಲ್ಕನೇ ದಿನ ನನ್ನ ಮೊಣಕಾಲಿನಿಂದ ಎಣ್ಣೆ ಕಾಣದ ರಾಟೆಯ ಸದ್ದು ಬಂತು. ಯಂತ್ರ ಇಂಥ ಸದ್ದು ಮಾಡಿದರೆ ಚಾಲನೆ ನಿಲ್ಲಿಸಬೇಕೆಂಬುದು ನಮ್ಮ ಕಸುಬಿನ ನಿಯಮ, ನಿಲ್ಲಿಸಿದೆ. ಸಂಜೆ ಶಾಲೆಯಿಂದ ಮಗಳನ್ನು ಕರೆತರುವುದು ನನ್ನ ಪಾಳಿ. ನೀನು ಮುಂದೆ ಹತ್ತು, ನಾನು ಹಿಂದಿನಿಂದ ಕಾವಲಿಗೆ ಬರುತ್ತೇನೆ ಎನ್ನುತ್ತಿದ್ದೆ. ಅವಳ ಹೆಜ್ಜೆ ಸದ್ದು ಎರಡನೇ ಮಹಡಿ ದಾಟಿದ ಕೂಡಲೇ ಬೋರ್ಡಿನ ಹಿಂದೆ ನುಸುಳಿ ಐದನೇ ಮಹಡಿಗೆ ಲಿಫ್ಟಿನಲ್ಲಿ ಹೋಗಿ ಇಳಿಯುತ್ತಿದ್ದೆ. ಬಾಟಲಿಯ ನೀರನ್ನು ಹಣೆಗೆ ಹಚ್ಚಿಕೊಂಡು, ಕೊನೆಯ ಒಂದು ಸುತ್ತು ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತುತ್ತಿದ್ದೆ. ಮಗಳು ಪ್ರತಿದಿನ ನನಗಿಂತ ಮೊದಲೇ ಬಾಗಿಲಲ್ಲಿರುತ್ತಿದ್ದಳು. ಲೇಸಿನ ಸುದ್ದಿಯೇ ಇರುತ್ತಿರಲಿಲ್ಲ. ನೋಡಿದೆಯಾ, ಮನಸ್ಸು ಗಟ್ಟಿಯಾಗುತ್ತಿದೆ ಎಂದು ನಾನು ಹಣೆಯ ನೀರೊರೆಸಿಕೊಂಡು ಉಪದೇಶ ಮಾಡುತ್ತಿದ್ದೆ. ಲಿಫ್ಟಿನ ಸದ್ದು ಕೇಳಿದ ನೆರೆಯವರಿಗೆ ಟೆಸ್ಟಿಂಗ್ ನಡೆಯುತ್ತಿದೆ ಎಂದು ಹೇಳಿಟ್ಟಿದ್ದೆ.

ಹೀಗೆ ಓಟದ ದಿನ ಬಂತು. ಎಂಟೂವರೆಗೆ ಓಟ. ಹೆಂಡತಿ ಬೆಳಿಗ್ಗೆ ಆರರ ಪಾಳಿಗೆ ಹೋಗಿದ್ದಳು. ಮಗಳು ಏಳಕ್ಕೇ ಶಾಲೆಯ ವ್ಯಾನ್ ಹತ್ತಿದಳು, ಹತ್ತುವ ಮುಂಚೆ ಹಗ್ಗದ ಹತ್ರ ಎಂದು ಮತ್ತೊಮ್ಮೆ ನೆನಪಿಸಿದಳು. ಏಳೂ ಮುಕ್ಕಾಲಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೆಳಗಿಳಿದ ಮೇಲೆ ಅವಳ ನೀರಿನ ಬಾಟಲಿ ಮೇಜಿನ ಮೇಲೇ ಉಳಿದದ್ದು ನೆನಪಾಯಿತು. ಮೆಟ್ಟಿಲು ನೋಡಿದೆ, ಗಡಿಯಾರ ನೋಡಿದೆ, ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಲಿಫ್ಟಿನೊಳಗೆ ಹೋಗಿ ಆರನ್ನು ಒತ್ತಿದೆ.

ಮೂರನೇ ಮಹಡಿ ದಾಟಿ ನಾಲ್ಕು ಮುಟ್ಟುವ ಮುಂಚೆ ದೀಪ ಆರಿತು, ಫ್ಯಾನ್ ನಿಂತಿತು, ಲಿಫ್ಟೂ ನಿಂತಿತು.

ಇಪ್ಪತ್ತೆರಡು ವರ್ಷದಲ್ಲಿ ನಾನು ನೂರಾರು ಜನರನ್ನು ಲಿಫ್ಟಿನಿಂದ ಹೊರತೆಗೆದಿದ್ದೇನೆ. ಗಾಬರಿಯಾಗಬೇಡಿ, ದೀರ್ಘವಾಗಿ ಉಸಿರಾಡಿ ಎಂದು ಹೊರಗೆ ನಿಂತು ಎಷ್ಟು ಸೊಗಸಾಗಿ ಹೇಳಿದ್ದೇನೆ! ಒಳಗೆ ನಿಂತಾಗ ಆ ಮಾತಿನಷ್ಟು ರೇಗಿಸುವ ಮಾತು ಇನ್ನೊಂದಿಲ್ಲ. ನನ್ನ ಸಾಮಾನಿನ ಚೀಲ ಮನೆಯಲ್ಲಿತ್ತು. ಬಾಗಿಲನ್ನು ಗುದ್ದಿದೆ. ಮೂರನೇ ಮಹಡಿಯ ಕನ್ನಡಕದಂಗಡಿಯವರು ಅಂಗಡಿಗೆ ಇಳಿಯುತ್ತಿದ್ದರೆಂದು ಕಾಣುತ್ತದೆ, ಕೆಳಗಿನಿಂದ ಅವರ ದನಿ ಬಂತು.

"ಏನ್ರೀ, ರಿಪೇರಿ ನಡೀತಿದ್ಯಾ?"

ಸಿಕ್ಕಿಹಾಕಿಕೊಂಡಿದ್ದೇನೆ ಎಂದರೆ ಕೆಟ್ಟ ಲಿಫ್ಟಿನೊಳಗೆ ಯಾಕೆ ಹೋದಿರಿ ಎಂಬ ಪ್ರಶ್ನೆ ಬರುತ್ತದೆ. ನನ್ನ ಮರ್ಯಾದೆ ನನಗಿಂತ ಮೊದಲು ಬಾಯಿಬಿಟ್ಟಿತು.

"ಹೂಂ, ನಡೀತಿದೆ."

"ಒಳ್ಳೇದು, ನಡೀಲಿ." ಅವರು ಇಳಿದು ಹೋದರು. ನನ್ನ ಮೊದಲ ಉದ್ಧಾರಕ ಹೀಗೆ ಕೈತಪ್ಪಿದ. ಗಂಟೆ ಎಂಟಾಯಿತು. ಅಪಾಯದ ಗಂಟೆ ಒತ್ತಿದೆ, ಅದು ಬ್ಯಾಟರಿಯಲ್ಲಿ ಓಡುತ್ತದೆ. ನಾಲ್ಕನೇ ಮಹಡಿಯ ಟೈಲರಮ್ಮ ಮನೆಯೊಳಗಿನಿಂದಲೇ, ಗಂಟೆ ಚೆನ್ನಾಗಿ ಕೇಳಿಸ್ತಿದೆ, ಇನ್ನು ನಿಲ್ಲಿಸಿ, ಹೊಲಿಗೆ ತಪ್ಪುತ್ತಿದೆ ಎಂದು ಕೂಗಿದರು. ಎಂಟೂ ಹತ್ತಾಯಿತು. ಬೇರೆ ದಾರಿ ಕಾಣದೆ ಕಂಪನಿಯ ದೂರು ವಿಭಾಗಕ್ಕೆ ಫೋನ್ ಮಾಡಿದೆ. ಪಾಳಿಯಲ್ಲಿದ್ದಾಗ ಅಲ್ಲಿನವರ ಸ್ವಂತ ಫೋನು ಡ್ರಾಯರಿನಲ್ಲಿರುತ್ತದೆ. ಕಚೇರಿಯ ಫೋನಿನ ಪ್ರತಿ ಮಾತೂ ದಾಖಲಾಗುವುದರಿಂದ ನಿಗದಿಯಾದ ಪ್ರಶ್ನೆಗಳನ್ನು ಬಿಟ್ಟು ಆಚೀಚೆ ಮಾತಾಡುವ ಹಾಗಿಲ್ಲ.

"ನಮಸ್ಕಾರ, ಲಿಫ್ಟ್ ದೂರು ವಿಭಾಗ. ಯಾವ ಕಟ್ಟಡ ಸರ್?"

"ನಾನೇ ಕಣೇ."

ಅವಳು ಪ್ರಶ್ನೆಯನ್ನು ಮತ್ತೆ ಓದಿದಳು. "ಯಾವ ಕಟ್ಟಡ ಸರ್?"

"ನಮ್ದೇ. ಮೂರಕ್ಕೂ ನಾಲ್ಕಕ್ಕೂ ಮಧ್ಯ ಸಿಕ್ಕಿಹಾಕ್ಕೊಂಡಿದ್ದೀನಿ."

"ಆ ಲಿಫ್ಟ್ ಇಪ್ಪತ್ತೊಂಬತ್ತು ದಿನದಿಂದ ಕೆಟ್ಟಿದೆ ಅಂತ ನಮ್ಮ ದಾಖಲೆಯಲ್ಲಿದೆ ಸರ್. ಬಿಡಿಭಾಗಕ್ಕೆ ನಾನೇ ಐದು ಸಲ ಬರೆದಿದ್ದೀನಿ. ಕೆಟ್ಟ ಲಿಫ್ಟ್ ಮೂರೂವರೆ ಮಹಡಿ ಹೇಗೆ ಹತ್ತಿತು ಸರ್?"

ಆ "ಸರ್" ಎಂಬ ಒಂದೇ ಪದದಲ್ಲಿ ನಮ್ಮ ಹನ್ನೆರಡು ವರ್ಷದ ಸಂಸಾರ ನಡುಗಿತು. ಅವಳಿಗೆ ಎಲ್ಲವೂ ಅರ್ಥವಾಗಿತ್ತು. ನನ್ನ ಫೋನು ಟಿಣ್ ಎಂದಿತು: ಹೊಸ ದೂರು, ಪ್ರಯಾಣಿಕ ಒಳಗೆ, ನಲವತ್ತು ನಿಮಿಷದಲ್ಲಿ ಸ್ಥಳಕ್ಕೆ ತಲುಪಿ. ಸ್ಥಳಕ್ಕೇನೋ ನಾನು ತಲುಪಿಯಾಗಿತ್ತು! ಪಕ್ಕದ ವಲಯದ ಮೆಕ್ಯಾನಿಕ್ ಬರಲು ಒಂದೂವರೆ ಗಂಟೆ ಬೇಕು ಎಂದಳು. ಆಮೇಲೆ ಅದೇ ತಣ್ಣನೆಯ ದನಿಯಲ್ಲಿ ಮುಂದಿನ ಪ್ರಶ್ನೆ ಓದಿದಳು.

"ನಿಮ್ಮ ಜೊತೆ ಮಕ್ಕಳು ಯಾರಾದ್ರೂ ಇದ್ದಾರಾ ಸರ್?"

"ಇಲ್ಲ. ಮಗು ಮೈದಾನದಲ್ಲಿದೆ. ಹಗ್ಗದ ಹತ್ರ ನಿಂತಿರ್ತೀನಿ ಅಂದಿದ್ದೆ."

ಆ ಕಡೆ ಕಾಗದದ ಸದ್ದು ನಿಂತಿತು. ದನಿ ಬದಲಾಯಿತು. "ಕೂಗ್ರೀ. ರಿಪೇರಿ ಅಂದ್ಕೊಂಡಿದ್ದಾರೆ ಎಲ್ರೂ, ನಿಜ ಹೇಳಿ ಕೂಗಿ. ಮರ್ಯಾದೆ ಆಮೇಲೆ ಹುಡ್ಕೋಣ."

ಲಿಫ್ಟಿನ ಬಾವಿ ಎಂದರೆ ಆರು ಮಹಡಿಗೂ ಒಂದೇ ಧ್ವನಿವರ್ಧಕ. ಅದರ ನಟ್ಟನಡುವೆ ನಿಂತು ನಾನು ಸತ್ಯವನ್ನು ಸಾರಿದೆ. ಲಿಫ್ಟ್ ಕೆಟ್ಟಿಲ್ಲ! ಯಾವತ್ತೂ ಕೆಟ್ಟಿರಲಿಲ್ಲ! ಬೋರ್ಡು ಹಾಕಿದ್ದು ನಾನೇ, ದಿನಾ ಇದರಲ್ಲೇ ಓಡಾಡಿದ್ದೂ ನಾನೇ, ಈಗ ಸಿಕ್ಕಿಹಾಕಿಕೊಂಡಿದ್ದೇನೆ! ಒಂದೊಂದಾಗಿ ಬಾಗಿಲುಗಳು ತೆರೆದ ಸದ್ದು ಕೇಳಿಸಿತು. ಹೊಲಿಗೆ ಯಂತ್ರವೂ ನಿಂತಿತು.

"ಸರಿಯಾಗಿ ಕೇಳಿಸ್ಲಿಲ್ಲ," ಎಂದರು ಟೈಲರಮ್ಮ, ಬಾಗಿಲಿನ ಆಚೆಯಿಂದ. "ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲ ಹೇಳಿದೆ. ಅವರು ನಿಜವಾಗಿಯೂ ಮೊದಲ ಸಲವೇ ಕೇಳಿಸಿಕೊಂಡಿದ್ದರೆಂದು ನನಗೆ ಈಗಲೂ ಅನುಮಾನವಿದೆ.

ವಿಷಯ ಇಷ್ಟೇ. ಕೆಟ್ಟ ಲಿಫ್ಟಿಗೆ ಕರೆಂಟ್ ಯಾಕೆ ದಂಡ ಎಂದು ಕಾರ್ಯದರ್ಶಿಗಳು ಸರಿಯಾಗಿ ಅದೇ ಹೊತ್ತಿಗೆ ಲಿಫ್ಟಿನ ಮೇನ್ ಸ್ವಿಚ್ ಆರಿಸಿ, ಮೀಟರ್ ಕೋಣೆಗೆ ಬೀಗ ಜಡಿದು, ಬೀಗದ ಕೈ ಜೇಬಿಗೆ ಹಾಕಿಕೊಂಡು ಕ್ಷೌರಕ್ಕೆ ಹೋಗಿದ್ದರು. ಟೈಲರಮ್ಮ ಮೆಟ್ಟಿಲು ಹಾರಿಕೊಂಡು ಇಳಿದು ಕ್ಷೌರದಂಗಡಿಗೆ ಓಡಿದರಂತೆ. ಕಾರ್ಯದರ್ಶಿಗಳು ಅರ್ಧ ಮುಖದ ಸೋಪು ಹಾಗೇ ಇಟ್ಟುಕೊಂಡು ಅವರಿಗಿಂತ ಜೋರಾಗಿ ಓಡಿ ಬಂದರಂತೆ. ತಿಂಗಳ ಹಿಂದೆ ಎರಡನೇ ಮಹಡಿಯಲ್ಲೇ ಎದೆ ಹಿಡಿದು ಕೂರುತ್ತಿದ್ದ ಜನ ಇವರು! ಹಲ್ಲಿನ ಡಾಕ್ಟರ ಪತ್ರಿಕೆ ಸುಳ್ಳು ಹೇಳಿರಲಿಲ್ಲ. ನನ್ನ ಯೋಜನೆ ಇಡೀ ಕಟ್ಟಡದ ಮೇಲೆ ಫಲಿಸಿತ್ತು, ನನ್ನೊಬ್ಬನನ್ನು ಬಿಟ್ಟು.

ದೀಪ ಬಂದಾಗ ಎಂಟೂ ನಲವತ್ತು. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ನಿಂತಿದ್ದ ಮುಖಗಳನ್ನು ನೋಡುವ ಧೈರ್ಯವಾಗದೆ ಮೆಟ್ಟಿಲಿಳಿದು ಬೀದಿಗೆ ಬಿದ್ದೆ. ಶಾಲೆ ಒಂದು ಕಿಲೋಮೀಟರ್ ದೂರ. ಮೊದಲ ಇನ್ನೂರು ಹೆಜ್ಜೆ ಓಡಿದೆ. ಮುಂದಿನ ಇನ್ನೂರಕ್ಕೆ ಪಕ್ಕೆ ಹಿಡಿಯಿತು. ಹೊಟ್ಟೆಯ ಬಾಲ್ಕನಿ ನನಗಿಂತ ಒಂದು ಹೆಜ್ಜೆ ಮುಂದೆ ಕುಣಿಯುತ್ತಿತ್ತು. ನೀರಿನ ಬಾಟಲಿಯೂ ಕೈಯಲ್ಲಿರಲಿಲ್ಲ. ತಿರುವಿನ ದೊಡ್ಡ ಮರ ಬಂದಾಗ ಕಣ್ಣಿಗೆ ಕತ್ತಲೆ ಕವಿದು ಅದರ ಕೆಳಗೆ ಕುಸಿದೆ. ಓಟ ಮುಗಿಸಿ ಡ್ರಿಲ್ ಟೀಚರು ಸೈಕಲ್ ತುಳಿದುಕೊಂಡು ಎದುರಿಗೆ ಬಂದರು. ನಾಚಿಕೆಯಾಗಿ ತಲೆ ತಗ್ಗಿಸಿ ಶೂ ಲೇಸ್ ಬಿಚ್ಚಿ ಕಟ್ಟತೊಡಗಿದೆ. ಅವರು ದಾಟಿ ಹೋದರು. ಮತ್ತೆ ಬಿಚ್ಚಿದೆ.

ಆಗ ನನ್ನ ಮುಂದೆ ಎರಡು ಪುಟ್ಟ ಶೂಗಳು ಬಂದು ನಿಂತವು. ಎರಡರ ಲೇಸೂ ಬಿಗಿಯಾಗಿತ್ತು.

"ಅಪ್ಪಾ, ಲೇಸ್ ಬಿಚ್ಚಿತಾ?"

ಎದೆಯ ಮೇಲೆ ನಂಬರಿನ ಕಾಗದ, ಮುಖವೆಲ್ಲ ಕೆಂಪು. ಹನ್ನೊಂದನೆಯವಳಾಗಿ ಮುಗಿಸಿ, ಬೇಲಿಯಾಚೆ ನನ್ನನ್ನು ಕಂಡು ಬಂದಳಂತೆ. ಹಗ್ಗದ ಹತ್ತಿರ ನಾನಿರಲಿಲ್ಲ ಎಂದು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ.

"ಗೊತ್ತು," ಎಂದಳು. "ಈ ಮರದ ಹತ್ರ ಬಂದಾಗ್ಲೇ ಬೇಲಿಯಾಚೆ ಹಗ್ಗ ಕಾಣ್ಸುತ್ತೆ. ನೀನಿರ್ಲಿಲ್ಲ."

"ಆದ್ರೂ ಕೂರ್ಲಿಲ್ವಾ?"

"ಕೂರೋಣ ಅಂದ್ಕೊಂಡೆ. ಆಮೇಲೆ ಅಪ್ಪ ಹಿಂದೆ ಲಿಫ್ಟಲ್ಲಿ ಬರ್ತಿದ್ದಾನೆ ಅಂದ್ಕೊಂಡು ಓಡ್ದೆ. ದಿನಾ ಹಂಗೇ ತಾನೆ ಓಡೋದು. ಅದು ಗುಂಯ್ ಅಂತ ಐದನೇದಕ್ಕೆ ಬರೋಕೆ ಮುಂಚೆ ನಾನು ಐದು ದಾಟ್ಬೇಕು."

ನನಗೆ ಕಿವಿಯವರೆಗೂ ಬಿಸಿಯಾಯಿತು. ಮೊದಲೇ ಗೊತ್ತಿದ್ದರೆ ಹೇಳಬಹುದಿತ್ತಲ್ಲೇ ಎಂದೆ. ಹೇಳಿದರೆ ನೀನು ನಿಲ್ಲಿಸಿಬಿಡುತ್ತಿದ್ದೆ, ಆಮೇಲೆ ನಾನು ಯಾರ ಜೊತೆ ಪಂದ್ಯ ಕಟ್ಟಲಿ ಎಂದಳು. ನನ್ನ ಉಪದೇಶದ ಒಂದು ಶಬ್ದವೂ ಅವಳ ಕಾಲಿಗೆ ಇಳಿದಿರಲಿಲ್ಲ. ಇಳಿದದ್ದು ನನ್ನ ಕಳ್ಳತನದ ಸದ್ದು ಮಾತ್ರ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಅವಳು ನನ್ನ ಕೈ ಹಿಡಿದು ಎಳೆದಳು.

"ಏಳು. ಹಗ್ಗದ ತನಕ ಓಡೋಣ. ಗೆಲ್ಲೋದು ಬೇಡ, ಪೂರ್ತಿ ಓಡು ಸಾಕು."

ಓಡಿದೆ. ಖಾಲಿ ಮೈದಾನದಲ್ಲಿ ಹಗ್ಗ ಸುತ್ತುತ್ತಿದ್ದ ಆಯಾ ನನಗಾಗಿ ಅದನ್ನು ಇನ್ನೊಮ್ಮೆ ಹಿಡಿದು ನಿಲ್ಲಬೇಕಾಯಿತು.

ಆ ಸಂಜೆ ಕೆಳಗಿನ ಹಜಾರದಲ್ಲಿ ಕಟ್ಟಡದವರೆಲ್ಲ ಸಭೆ ಸೇರಿದರು. ಟೈಲರಮ್ಮ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದರು, ಅದು ನನ್ನ ಕೊರಳಿಗಿರಬೇಕು ಎಂದು ನನಗನಿಸಿತು. ನನ್ನ ಕ್ಷಮಾಪಣೆಯನ್ನು ಕಾರ್ಯದರ್ಶಿಗಳು ಬರಹದಲ್ಲಿ ತೆಗೆದುಕೊಂಡರು. ಹಳದಿ ಬೋರ್ಡುಗಳನ್ನೆಲ್ಲ ಬಿಚ್ಚಿಸಿದರು. ಅಷ್ಟರಲ್ಲಿ ನನ್ನ ಹೆಂಡತಿ ಕಚೇರಿಗೆ ಬಂದಿದ್ದ ಪಾರ್ಸೆಲ್ಲೊಂದನ್ನು ತಂದು ಮೇಜಿನ ಮೇಲಿಟ್ಟಳು. ಕಾರ್ಖಾನೆಯವರು ಮಾತು ಉಳಿಸಿಕೊಂಡಿದ್ದರು. ಒಳಗೆ ಎಣ್ಣೆಕಾಗದದಲ್ಲಿ ಸುತ್ತಿದ ಸೆಕೆಂಡರಿ ಬ್ಯಾಲೆನ್ಸ್ ಕ್ಲಿಪ್ ಥಳಥಳ ಹೊಳೆಯುತ್ತಿತ್ತು, ನಾನು ಗೀಚಿದ ಅಳತೆಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಬಿಡಿಭಾಗ ಬಂದ ಮೇಲೆ ದೂರನ್ನು ನಿಯಮದ ಪ್ರಕಾರವೇ ಮುಗಿಸಬೇಕು ಎಂದು ಹೆಂಡತಿ ಸಭೆಗೆ ವಿವರಿಸಿದಳು. ಸಭೆ ಒಂದೇ ದನಿಯಲ್ಲಿ ಒಪ್ಪಿತು. ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಲಿಫ್ಟಿನ ಬಾಗಿಲ ಮೇಲೆ ಒಂದೇ ಒಂದು ಹಳದಿ ಬೋರ್ಡಿತ್ತು, ಅದರ ಕೆಳಗೆ ಮಗಳ ದುಂಡಗಿನ ಅಕ್ಷರದಲ್ಲಿ ಎರಡು ಸಾಲು: "ಆರನೇ ಮಹಡಿಯ ಅಪ್ಪನಿಗೆ ಮಾತ್ರ. ಬಿಡಿಭಾಗವನ್ನು ಅದರ ಜಾಗದಲ್ಲಿ ಜೋಡಿಸುವವರೆಗೆ."

ಕ್ಲಿಪ್ಪು ನನ್ನ ಜೇಬಿನಲ್ಲೇ ಇದೆ. ದಿನಾ ಮೂರನೇ ಮಹಡಿಯಲ್ಲಿ ನಿಂತು ಉಸಿರೆಳೆದುಕೊಳ್ಳುವಾಗ ತೆಗೆದು ತಿರುಗಿಸಿ ತಿರುಗಿಸಿ ನೋಡುತ್ತೇನೆ. ಅದನ್ನು ಜೋಡಿಸುವ ಜಾಗ ಯಾವ ಲಿಫ್ಟಿನಲ್ಲೂ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?